ಎಡೆಯ ಕೋಣೆಯಲ್ಲಿ ಬಡಿದ ಗೇಟಿನ ಗಂಟೆ

ದೆವ್ವ, ಗಾಳಿ, ಶಕುನ, ಸತ್ತವರು ಕನಸಿನಲ್ಲಿ ಬಂದು ಹೇಳಿದ ಮಾತು, ಇಂಥದ್ದನ್ನು ಯಾರಾದರೂ ಶುರು ಮಾಡಿದರೆ ನಾನು ಕಾಫಿ ಲೋಟ ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗುವ ಪೈಕಿ. ಎದುರು ಕೂತು ವಾದ ಮಾಡುವ ತಾಳ್ಮೆಯೂ ನನಗಿರಲಿಲ್ಲ. ನೆಂಟರಿಷ್ಟರು ನನ್ನನ್ನು 'ಓದಿ ಓದಿ ತಲೆ ಕೆಡಿಸ್ಕೊಂಡೋಳು' ಎನ್ನುತ್ತಿದ್ದರು. ಅದನ್ನು ನಾನು ಬಿರುದಿನ ಹಾಗೆ ಇಟ್ಟುಕೊಂಡಿದ್ದೆ. ಈಗ ಹೇಳಹೊರಟಿರುವುದನ್ನು ಬೇರೆಯವರು ಹೇಳಿದ್ದರೆ ನಾನು ಖಂಡಿತ ನಂಬುತ್ತಿರಲಿಲ್ಲ. ನೀವೂ ನಂಬಲೇಬೇಕು ಅಂತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಮೊದಲು ನನ್ನ ಕೆಲಸ ಏನೆಂದು ಹೇಳಬೇಕು. ಊಹೆಗೂ ನಿಲುಕದಷ್ಟು ದೂರದಲ್ಲಿ ದೊಡ್ಡ ನಕ್ಷತ್ರವೊಂದು ಸಾಯುವಾಗ ಕೆಲವೊಮ್ಮೆ ಅದರಿಂದ ಗಾಮಾ ಕಿರಣಗಳ ಸ್ಫೋಟವೊಂದು ಹೊರಡುತ್ತದೆ. ನೂರಾರು ಕೋಟಿ ವರ್ಷ ದಾರಿ ಸವೆಸಿ ನಮ್ಮ ಹತ್ತಿರ ಬಂದು, ಕೆಲವೇ ಸೆಕೆಂಡು ಮಿಂಚಿ, ಮುಗಿದುಹೋಗುತ್ತದೆ. ಭೂಮಿಯ ಸುತ್ತ ಇರುವ ಗಾಳಿ ಈ ಕಿರಣಗಳನ್ನು ಕೆಳಗಿಳಿಯಲು ಬಿಡುವುದಿಲ್ಲ. ನಾವೆಲ್ಲ ಉಸಿರಾಡಿಕೊಂಡಿರುವುದು ಆ ಪುಣ್ಯದಿಂದಲೇ. ಹಾಗಾಗಿ ಅವುಗಳನ್ನು ಹಿಡಿಯಬೇಕೆಂದರೆ ಗಾಳಿಯಿಂದಾಚೆ, ಬಾಹ್ಯಾಕಾಶದಲ್ಲಿ ಸುತ್ತುವ ದೂರದರ್ಶಕ ಬೇಕು. ಅಂಥ ಒಂದು ದೂರದರ್ಶಕದ ಮೇಲೆ ಕಣ್ಣಿಟ್ಟಿರುವ ಸಣ್ಣ ಗುಂಪಿನಲ್ಲಿ ನಾನೂ ಒಬ್ಬಳು.

ಅಲ್ಲೇನಾದರೂ ಮಿಂಚಿದರೆ, ಆ ಹೊತ್ತು ನಮ್ಮಲ್ಲಿ ಯಾರ ಪಾಳಿಯೋ ಅವರ ಫೋನು ಬಡಿದುಕೊಳ್ಳುತ್ತದೆ. ಎತ್ತುವವರೆಗೂ ಬಿಡುವುದಿಲ್ಲ. ಬರುವ ಕರೆಗಳಲ್ಲಿ ಮುಕ್ಕಾಲುಪಾಲು ಸುಳ್ಳು, ಏಕೆಂದರೆ ವಿದ್ಯುತ್ಕಣಗಳು ತುಂಬಿದ ಜಾಗವನ್ನು ದಾಟುವಾಗಲೆಲ್ಲ ಉಪಕರಣ ಸುಮ್ಮಸುಮ್ಮನೆ ಬೆಚ್ಚಿಬೀಳುತ್ತದೆ. ಫೋನಿನ ಮೇಲೆ ಮೂಡುವ ಗೆರೆಯ ಏರಿಳಿತ ನೋಡಿ 'ನಿಜ' ಅಥವಾ 'ಸುಳ್ಳು' ಎಂದು ಒತ್ತಿ, ಕೆಳಗೆ ಚಿಕ್ಕದೊಂದು ಟಿಪ್ಪಣಿ ಬರೆದು ಕಳಿಸಬೇಕು. ನಿಜ ಎಂದರೆ ಭೂಮಿಯ ಮೇಲಿನ ದೊಡ್ಡ ದೂರದರ್ಶಕಗಳು ಆ ದಿಕ್ಕಿಗೆ ತಿರುಗುತ್ತವೆ. ಸ್ಫೋಟ ಮುಗಿದರೂ ಅದರ ಹಿಂದೆ ಒಂದು ಮಂದ ಬೆಳಕು ಸ್ವಲ್ಪ ಹೊತ್ತು ಉಳಿದಿರುತ್ತದೆ. ಅದು ಆರುವುದರೊಳಗೆ ಕಂಡರೆ ಎಷ್ಟು ದೂರದಿಂದ ಬಂತೆಂದು ತಿಳಿಯುತ್ತದೆ. ತಡವಾದರೆ ಎಲ್ಲಿಂದ ಬಂತು, ಯಾವ ಕಾಲದ್ದು, ಯಾರಿಗೂ ಎಂದೆಂದಿಗೂ ಗೊತ್ತಾಗುವುದಿಲ್ಲ. ಅದು ಇನ್ನೊಮ್ಮೆ ಬರುವಂಥದ್ದಲ್ಲ.

ಇನ್ನು ನನ್ನ ಅಪ್ಪ. ಅಪ್ಪ ಯಲಿಯೂರಿನಾಚೆ ಒಂದು ರೈಲ್ವೆ ಗೇಟಿನಲ್ಲಿ ಗೇಟ್‌ಮನ್ ಆಗಿದ್ದ. ಮಂಡ್ಯದ ಗುತ್ತಲಿನಲ್ಲಿ ನಮ್ಮ ಮನೆ. ಅಲ್ಲಿಂದ ದಿನಾ ಸೈಕಲ್ ತುಳಿದುಕೊಂಡು ಹೋಗುತ್ತಿದ್ದ. ಗೇಟಿನ ಪಕ್ಕದ ಕೋಣೆಯಲ್ಲಿ ಒಂದು ಕರೀ ಫೋನಿತ್ತು. ಸ್ಟೇಷನ್ ಮಾಸ್ತರು ಅದರಲ್ಲಿ ಕರೆದು ಇಂಥ ಗಾಡಿ ಬಿಡಬೇಕು ಎನ್ನುವರು. ಅಪ್ಪ ಹೋಗಿ ಗೇಟು ಹಾಕಿ ಬಂದು, ತನ್ನ ಮುಂದಿನ ಹಾಳೆಯಲ್ಲಿ ಅಚ್ಚಾಗಿರುವ ಎರಡಂಕಿಯ ಒಂದು ನಂಬರನ್ನು ಫೋನಿನಲ್ಲಿ ಓದಿ ಹೇಳಿ, ಗೆರೆ ಎಳೆದು ಅದನ್ನು ಹೊಡೆದುಹಾಕುತ್ತಿದ್ದ. ಆ ನಂಬರು ಬಾಯಿಂದ ಬಂದ ಮೇಲೆಯೇ ಗಾಡಿ ಹೊರಡುವುದು. ಪ್ರತಿ ಸಲವೂ ಬೇರೆ ಬೇರೆ ನಂಬರು, ಅರ್ಥ ಮಾತ್ರ ಒಂದೇ. ಗೇಟು ಹಾಕಿದೆ, ಭಯವಿಲ್ಲದೆ ಬರಲಿ ಅಂತ.

ಆ ಫೋನಿನ ಗಂಟೆ ಅಪ್ಪನ ಮೈಯಲ್ಲಿ ಸೇರಿಹೋಗಿತ್ತು. ಎರಡು ಸಲ ಬಡಿಯುವುದರೊಳಗೆ ಎತ್ತುತ್ತಿದ್ದ. ಮೂರನೆಯದಕ್ಕೆ ಬಿಟ್ಟದ್ದನ್ನು ನಾನಂತೂ ನೋಡಿಲ್ಲ. ಬಾಯಲ್ಲಿ ತುತ್ತಿದ್ದರೆ ತುತ್ತಿನ ಸಮೇತ ಓಡುತ್ತಿದ್ದ. ಎತ್ತದಿದ್ದರೆ ಗಾಡಿಯ ತುಂಬ ಜನ ಅಲ್ಲೆಲ್ಲೋ ಬಯಲಲ್ಲಿ ನಿಂತು ಕಾಯಬೇಕಲ್ಲ ಎನ್ನುವುದು ಅವನ ಸಂಕಟ. ಕೆಳಸೇತುವೆ ಬಂದು ಆ ಗೇಟನ್ನು ಮುಚ್ಚುವ ವಾರದಲ್ಲಿ ನಾನು ಅಲ್ಲಿಗೆ ಹೋಗಿ ಆ ಗಂಟೆಯ ಸದ್ದನ್ನು ನನ್ನ ಫೋನಿನಲ್ಲಿ ಹಿಡಿದುಕೊಂಡು ಬಂದೆ. ಮುಂದೆ ಈ ಕೆಲಸಕ್ಕೆ ಸೇರಿದಾಗ ಸ್ಫೋಟದ ಕರೆಗೆಂದು ಅದನ್ನೇ ಇಟ್ಟುಕೊಂಡೆ.

ನಿವೃತ್ತನಾಗಿ ಮನೆಯಲ್ಲಿ ಕೂತ ಅಪ್ಪನಿಗೆ ಅದಕ್ಕಿಂತ ದೊಡ್ಡ ಸಂಭ್ರಮ ಇನ್ನೊಂದಿರಲಿಲ್ಲ. ನಾನು ಮಂಡ್ಯಕ್ಕೆ ಬಂದಾಗ ಫೋನು ಬಡಿದುಕೊಂಡರೆ ಸಾಕು, ಮಲಗಿದ್ದವನು ದಡಕ್ಕನೆ ಎದ್ದು ಕೂರುತ್ತಿದ್ದ.

"ಎತ್ತವ್ವ, ಎತ್ತು, ಗಾಡಿ ಬಂತು!"

"ಗಾಡಿ ಅಲ್ಲಪ್ಪ, ನಕ್ಷತ್ರ."

"ಯಾವ್ದಾರ ಆಗ್ಲಿ. ಪಾಪ, ಅಷ್ಟು ದೂರದಿಂದ ಒಂಟು ಬಂದದೆ. ಯಾರೂ ಎತ್ನಿಲ್ಲ ಅಂದ್ರೆ ಎಂಗೆ?"

ಅದು ಸುಳ್ಳು ಕರೆ ಎಂದು ನಾನು ಹೇಳಿದರೆ ಅವನಿಗೆ ಬೇಜಾರಾಗುತ್ತಿತ್ತು. ಗಂಟೆ ಬಡಿಯಿತು ಅಂದಮೇಲೆ ಗಾಡಿ ಇದೆ ಅಂತಲೇ ಅವನ ಲೆಕ್ಕ. ನೀನು ನಮ್ಮ ಗುಂಪಿಗೆ ಬಂದರೆ ದಿನಕ್ಕೆ ಹತ್ತು ನಕ್ಷತ್ರ ಸಾಯಿಸುತ್ತೀಯ ಎಂದು ನಾನು ಅವನನ್ನು ರೇಗಿಸುತ್ತಿದ್ದೆ. ಒಂದು ಬೆಳಿಗ್ಗೆ ಎದೆನೋವು ಎಂದವನನ್ನು ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಂದ ಅವನು ಮನೆಗೆ ಬರಲಿಲ್ಲ.

ಅಪ್ಪನ ವರ್ಷದ ಕಾರ್ಯ ಮುಗಿದ ಮೇಲೆ ಬಂದ ಮೊದಲ ಪಕ್ಷದ ಹಬ್ಬ ಅದು. ನಮ್ಮ ಕಡೆ ಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರಿಗೆ ಏನೇನು ಇಷ್ಟವಿತ್ತೋ ಎಲ್ಲವನ್ನೂ ಎಲೆಯ ಮೇಲೆ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಕೈ ಮುಗಿದು, ಕೋಣೆಯ ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಬಂದುಬಿಡಬೇಕು. ಹಿರಿಯರು ಬಂದು ಉಂಡು ಹೋಗುವ ಹೊತ್ತು ಅದು. ಆಮೇಲೆ ಮನೆಯ ಹಿರೀಕರು ಕೆಮ್ಮಿ, ಬಾಗಿಲು ತಟ್ಟಿ ತೆಗೆಯುತ್ತಾರೆ. ನಡುವೆ ತೆಗೆದರೆ ಉಣ್ಣುವವರನ್ನು ಎಬ್ಬಿಸಿದ ಹಾಗೆ. ನಮ್ಮ ಮನೆತನದ ಎಡೆ ಮಳವಳ್ಳಿ ಕಡೆ ಹಳ್ಳಿಯಲ್ಲಿರುವ ದೊಡ್ಡಪ್ಪನ ಮನೆಯಲ್ಲಿ.

ಕಷ್ಟ ಏನೆಂದರೆ ಆ ದಿನ ನನ್ನ ಪಾಳಿ. ಅಲ್ಲಿಯವರೆಗೆ ಹಿರಿಯರೊಬ್ಬರ ಜೊತೆಯಲ್ಲಿ ಪಾಳಿ ಮಾಡುತ್ತಿದ್ದೆ, ಸ್ವತಂತ್ರವಾಗಿ ನೋಡಿಕೊಳ್ಳಲು ನನಗೆ ಆಗಿನ್ನೂ ಹೊಸದಾಗಿ ಅವಕಾಶ ಕೊಟ್ಟಿದ್ದರು. ಅದು ಪರೀಕ್ಷೆಯ ಅವಧಿ. ಸರಿಯಾಗಿ ನಡೆಸಿದರೆ ಗುಂಪಿನಲ್ಲಿ ಉಳಿಯುತ್ತೇನೆ, ಇಲ್ಲವೆಂದರೆ ಹಳೇ ಅಂಕಿಅಂಶ ಜೋಡಿಸುವ ಕೆಲಸಕ್ಕೆ ವಾಪಸ್ಸು. ನನ್ನ ಬದಲಿಗೆ ನಿಲ್ಲಬೇಕಾದ ಹುಡುಗ ಡೆಂಗ್ಯೂ ಬಂದು ಮಲಗಿದ್ದ. ನಮ್ಮ ಗುಂಪಿನ ಮೇಡಂ ಒಳ್ಳೆಯವರು, ಆದರೆ ಮಾತು ಖಡಕ್ಕು. "ಊರಿಗೆ ಹೋಗು, ಬೇಡ ಅನ್ನಲ್ಲ. ಫೋನು ಕೈಯಲ್ಲಿರಲಿ. ಕರೆ ಬಂದು ನೀನು ಎತ್ತಲಿಲ್ಲ ಅಂದರೆ ಇನ್ನೊಂದು ಪಾಳಿ ಕೇಳಬೇಡ" ಎಂದಿದ್ದರು. ನನಗೂ ಆ ಕೆಲಸ ಬಿಟ್ಟರೆ ಬೇರೇನೂ ಬೇಕಾಗಿರಲಿಲ್ಲ.

ಬೆಂಗಳೂರಿನಿಂದ ರೈಲಿನಲ್ಲಿ ಹೊರಟು, ದಾರಿಯಲ್ಲಿ ಅಪ್ಪನ ಎಡೆಗೆಂದು ಮದ್ದೂರು ವಡೆ ಕಟ್ಟಿಸಿಕೊಂಡು, ಮಂಡ್ಯದಲ್ಲಿಳಿದು ಅವ್ವನನ್ನು ಕರೆದುಕೊಂಡು ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಫೋನನ್ನು ಕೈಯಿಂದ ಬಿಡಲಿಲ್ಲ. ದೊಡ್ಡಪ್ಪನ ಮನೆಯಲ್ಲಿ ಸಿಗ್ನಲ್ಲೂ ಚೆನ್ನಾಗಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ, ಅಪ್ಪನ ತಂಗಿ ಅಂದರೆ ನನ್ನ ಸೋದರತ್ತೆ, ಎಡೆ ಜೋಡಿಸತೊಡಗಿದಳು. ಮುದ್ದೆ, ಮಟನ್ ಸಾರು, ಕಜ್ಜಾಯ, ವಡೆ, ಒಂದು ಕಟ್ಟು ಬೀಡಿ, ಹೊಸ ಪಂಚೆ, ಷರಟು. ಕೈಕಾಲು ತೊಳೆದು ಬರುತ್ತೇನೆಂದು ಫೋನನ್ನು ಅವ್ವನ ಕೈಗೆ ಕೊಟ್ಟು, ಬಡಿದರೆ ಕೂಗು ಎಂದು ಹೇಳಿ ಬಚ್ಚಲಿಗೆ ಹೋದೆ.

ಬರುವಷ್ಟರಲ್ಲಿ ಕೋಣೆಯ ತುಂಬ ಧೂಪದ ಹೊಗೆ. ಎಲ್ಲರೂ ಅಡ್ಡ ಬೀಳುತ್ತಿದ್ದರು. ನಾನೂ ಬಿದ್ದೆ. ನಂಬಿಕೆ ಇರಲಿಲ್ಲ, ಅಪ್ಪನ ಹೆಸರಿಗೆ ಬಿದ್ದೆ. ಹೊರಗೆ ಬಂದೆವು. ದೊಡ್ಡಪ್ಪ ಬಾಗಿಲು ಎಳೆದುಕೊಂಡರು. ಜಗಲಿಯ ಮೇಲೆ ಕೂತು ಅವ್ವನ ಕಡೆ ಕೈ ಚಾಚಿದೆ.

"ಫೋನ್ ಕೊಡವ್ವ."

"ನಿಮ್ಮತ್ತೆ ಇಸ್ಕೊಂಡ್ಲಲ್ಲ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಸಮಾಧಾನವಾಗಿ ಹೇಳಿದಳು. "ಅಣ್ಣಯ್ಯಂಗೆ ಆ ಗಂಟೆ ಅಂದ್ರೆ ಪ್ರಾಣ ಅಲ್ವೇನವ್ವ. ಅದ್ಕೇ ಎಡೇಗೆ ಇಟ್ಟಿವ್ನಿ. ಪಂಚೆ ಮ್ಯಾಲೆ."

ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಇಡಬೇಕು. ಅವಳ ಲೆಕ್ಕದಲ್ಲಿ ಬೀಡಿ ಕಟ್ಟಿನ ಜೊತೆಗೆ ನನ್ನ ಪಾಳಿಯ ಫೋನೂ ಸೇರಿತ್ತು. ಇಂಥ ತಪ್ಪನ್ನು ಇಷ್ಟು ಪ್ರೀತಿಯಿಂದ ಮಾಡಲು ನಮ್ಮ ಮನೆಯವರಿಗೆ ಮಾತ್ರ ಸಾಧ್ಯ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೇಗ ಬಾಗಿಲು ತೆಗೆಸಬೇಕು, ಹೇಗೆ ಕೇಳುವುದು ಎಂದು ನಾನು ಯೋಚಿಸುತ್ತಿದ್ದೆ. ಆಗಲೇ ಒಳಗೆ ಗಂಟೆ ಬಡಿಯಿತು.

ಯಲಿಯೂರಿನ ಗೇಟಿನ ಗಂಟೆ. ಮುಚ್ಚಿದ ಕೋಣೆಯಲ್ಲಿ ಅದು ಬಡಿದ ಸದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ಜಗಲಿಯ ಮೇಲಿದ್ದವರೆಲ್ಲ ಬಾಗಿಲಿನ ಕಡೆ ತಿರುಗಿದರು. ಅವ್ವ ಬಾಯಿಗೆ ಕೈ ಇಟ್ಟುಕೊಂಡಳು. ನಾನು ಎದ್ದು ಬಾಗಿಲಿನ ಹತ್ತಿರ ಓಡಿದೆ.

"ಬ್ಯಾಡ ಕಣವ್ವ, ಉಣ್ತಾ ಅವ್ರೆ, ತಗೀಬಾರ್ದು" ಎಂದು ಅತ್ತೆ ನನ್ನ ತೋಳು ಹಿಡಿದಳು. ನಾನು ಕೊಡವಿಕೊಂಡೆ. "ಅತ್ತೆ, ನನ್ನ ಕೆಲಸ ಹೋಗುತ್ತೆ!" ಎಂದು ಕೂಗಿಯೇಬಿಟ್ಟೆ. ಒಳಗೆ ಎರಡನೆಯ ಸಲ ಬಡಿಯಿತು. ದೊಡ್ಡಪ್ಪ ನನ್ನ ಮುಖ ನೋಡಿದರು. ಆ ಮನೆಯಲ್ಲಿ ಅಷ್ಟು ವರ್ಷ ಎಡೆ ಇಟ್ಟವರು ಅವರು. ಮೆಲ್ಲಗೆ ಅಗುಳಿಯ ಮೇಲೆ ಕೈಯಿಟ್ಟು, "ತಗೀಲೇನವ್ವ?" ಎಂದರು. ಹೂಂ ಎಂದಿದ್ದರೆ ನನಗೋಸ್ಕರ ಅವರು ತೆಗೆದೇಬಿಡುತ್ತಿದ್ದರು.

ಮೂರನೆಯ ಸಲ ಬಡಿಯಲಿಲ್ಲ. ಗಂಟೆ ನಿಂತುಹೋಯಿತು.

ಯಾರಾದರೂ ಎತ್ತುವವರೆಗೆ ಅದು ನಿಲ್ಲುವುದಿಲ್ಲ ಎಂದು ಹೇಳಿದೆನಲ್ಲ. ಬ್ಯಾಟರಿ ತುಂಬಿತ್ತು, ಬಸ್ಸಿನಲ್ಲಿ ನೋಡಿದ್ದೆ. ನಾನು ಬಾಗಿಲಿನ ಮುಂದೆ ನಿಂತಿದ್ದೆ, ದೊಡ್ಡಪ್ಪನ ಕೈ ಅಗುಳಿಯ ಮೇಲಿತ್ತು, ಒಳಗಿನಿಂದ ಸದ್ದೇ ಇಲ್ಲ. ಆಗ ನನ್ನ ಬಾಯಿಂದ ಬಂದ ಮಾತು ನನ್ನದೇ ಎಂದು ಇವತ್ತಿಗೂ ಒಪ್ಪಿಕೊಳ್ಳಲು ಕಷ್ಟವಾಗುತ್ತದೆ.

"ಬೇಡ ದೊಡ್ಡಪ್ಪ. ಉಣ್ಣಲಿ."

ಹೋಗಿ ಜಗಲಿಯ ಮೇಲೆ ಕೂತೆ. ಲ್ಯಾಪ್‌ಟಾಪು ಚೀಲದಲ್ಲಿತ್ತು, ಆದರೆ ಆ ಫೋನಿಗೆ ಬರುವ ಒಟಿಪಿ ಹಾಕದೆ ಅದು ನಮ್ಮ ಗುಂಪಿನ ಪುಟವನ್ನು ತೆರೆಯುವುದಿಲ್ಲ. ಬೇರೆಯವರ ಫೋನಿನಿಂದ ಮೇಡಂಗೆ ತಿಳಿಸೋಣವೆಂದರೆ ಅವರ ನಂಬರೂ ಒಳಗಿನ ಫೋನಿನಲ್ಲೇ ಇತ್ತು. ಮಾಡುವುದಕ್ಕೆ ಏನೂ ಇರಲಿಲ್ಲ. ಅವ್ವ ಬಂದು ಪಕ್ಕದಲ್ಲಿ ಕೂತು ನನ್ನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಳು. ಕೆಲಸ ಹೋಯಿತು ಎಂದುಕೊಂಡೆ. ಆಶ್ಚರ್ಯವೆಂದರೆ ಎದೆ ಹೊಡೆದುಕೊಳ್ಳುತ್ತಿರಲಿಲ್ಲ.

ಕೊನೆಗೆ ದೊಡ್ಡಪ್ಪ ಕೆಮ್ಮಿ, ತಟ್ಟಿ, ಬಾಗಿಲು ತೆಗೆದರು. ಎಲ್ಲ ಇಟ್ಟಲ್ಲೇ ಇತ್ತು. ಮುದ್ದೆ, ವಡೆ, ಬೀಡಿ ಏನೂ ಅಲುಗಿರಲಿಲ್ಲ. ಫೋನು ಮಡಿಸಿದ ಪಂಚೆಯ ಮೇಲೆ ಮಲಗಿತ್ತು. ಕೈಗೆತ್ತಿಕೊಂಡೆ, ಬೀಗ ಹಾಕಿಕೊಂಡೇ ಇತ್ತು. ಬೆರಳಿಟ್ಟು ತೆರೆದರೆ ಮೇಡಂ ಅವರ ಸಂದೇಶಗಳು ಒಂದರ ಕೆಳಗೊಂದು. ಬೇಗ ಉತ್ತರ ಕೊಟ್ಟಿದ್ದಕ್ಕೆ ಶಭಾಷ್. ಪೂರ್ವದ ದೇಶವೊಂದರ ಬೆಟ್ಟದ ಮೇಲಿನ ದೂರದರ್ಶಕವನ್ನು ಕೂಡಲೇ ತಿರುಗಿಸಿದ್ದಾರೆ. ಮಂದ ಬೆಳಕು ಸಿಕ್ಕಿದೆ. ಈಗ ಅಲ್ಲಿ ಮೋಡ ಮುಚ್ಚಿಕೊಂಡಿದೆ, ಸದ್ಯ, ಅಷ್ಟರೊಳಗೆ ಬೇಕಾದದ್ದು ದೊರೆಯಿತು. ಕಡೆಯದಾಗಿ ಒಂದು ಪ್ರಶ್ನೆ. ಟಿಪ್ಪಣಿಯಲ್ಲಿ 58 ಎಂದು ಬರೆದಿದ್ದೀಯಲ್ಲ, ಹಾಗೆಂದರೇನು?

ನಾನು ಕಳಿಸಿದೆನೆನ್ನಲಾದ ಉತ್ತರವನ್ನು ತೆಗೆದು ನೋಡಿದೆ. ನನ್ನ ಹೆಸರು, ನನ್ನ ಫೋನು. 'ನಿಜ' ಎಂದು ಒತ್ತಿತ್ತು. ಟಿಪ್ಪಣಿಯ ಜಾಗದಲ್ಲಿ 58. ಬೇರೇನೂ ಇಲ್ಲ.

ಅಲ್ಲೇ ಎಡೆಯ ಮುಂದೆ ಕೂತುಬಿಟ್ಟೆ. ಅವ್ವನಿಗೆ ತೋರಿಸಿದೆ. ಗೇಟಿನ ಕೋಣೆಗೆ ಊಟ ತೆಗೆದುಕೊಂಡು ಹೋಗಿ ಆ ನಂಬರುಗಳನ್ನು ಎಷ್ಟೋ ಸಲ ಕೇಳಿದ್ದವಳು ಅವಳು. ಪರದೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಸವರಿದಳು. ಅತ್ತೆಗೆ ಮಾತ್ರ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. "ಇನ್ಯಾರು ಎತ್ತಾರು, ಅವ್ನೇ ಎತ್ತಿರ್ತಾನೆ. ಏಳವ್ವ, ಸಾರು ಆರೋಯ್ತದೆ, ಉಣ್ಣೇಳು" ಎಂದು ಎಲೆ ಹಾಕಲು ಹೋದಳು.

ನಾನು ಸುಮ್ಮನೆ ಒಪ್ಪಿಕೊಳ್ಳುವವಳಲ್ಲ. ಊಟ ಮುಗಿದ ಮೇಲೆ ಆ ಕೋಣೆಯನ್ನೆಲ್ಲ ತಡಕಾಡಿದೆ. ಒಂದೇ ಬಾಗಿಲು, ಅದರ ಮುಂದೆ ನಾನೇ ಇದ್ದೆ. ಕಿಟಕಿಗೆ ಕಂಬಿ, ಒಳಗಿನಿಂದ ಚಿಲಕ. ಬೆಂಗಳೂರಿಗೆ ಬಂದು, ಫೋನು ರಿಪೇರಿ ಮಾಡುವ ಗೆಳೆಯನಿಗೆ ಕಾರಣ ಹೇಳದೆ ಕೇಳಿದೆ. ಬಿಸಿ ಹಬೆ, ಹೊಗೆ ತಾಕಿದರೆ ಪರದೆ ತಾನಾಗಿ ಒತ್ತಿದ ಹಾಗೆ ಆಗುವುದುಂಟು ಎಂದ. ಇರಬಹುದು. ಆದರೆ ಬೀಗ ತೆಗೆದು, ಕರೆ ಎತ್ತಿ, ಎರಡರಲ್ಲೊಂದು ಆರಿಸಿ, ಎರಡಂಕಿ ಬರೆದು, ಕಳಿಸಿ, ಮತ್ತೆ ಬೀಗ ಹಾಕುವಷ್ಟು ಬುದ್ಧಿ ಮುದ್ದೆಯ ಹಬೆಗಿದ್ದರೆ ನಮ್ಮ ಗುಂಪಿಗೆ ಅದನ್ನೇ ಸೇರಿಸಿಕೊಳ್ಳಬಹುದಿತ್ತು.

ಇನ್ನೊಂದು ವಿಷಯವನ್ನು ಮೇಡಂಗೂ ಹೇಳಿಲ್ಲ. ಆ ಸ್ಫೋಟದ ಗೆರೆಯನ್ನು ಆಮೇಲೆ ಎಷ್ಟೋ ಸಲ ತೆಗೆದು ನೋಡಿದ್ದೇನೆ. ಚೂಪು ಚೂಪಾಗಿ, ಒರಟಾಗಿ, ಸುಳ್ಳು ಕರೆಗಳ ಗೆರೆಯಂತೆಯೇ ಇದೆ. ಫೋನು ನನ್ನ ಕೈಯಲ್ಲೇ ಇದ್ದಿದ್ದರೆ 'ಸುಳ್ಳು' ಎಂದು ಒತ್ತುತ್ತಿದ್ದೆನೋ ಏನೋ. ಗಂಟೆ ಬಡಿಯಿತು ಅಂದಮೇಲೆ ಗಾಡಿ ಇದೆ ಎನ್ನುವವರಿಗೆ ಮಾತ್ರ ಅದು ನಿಜವಾಗಿ ಕಾಣಬೇಕು. ಅದು ಹೊರಟದ್ದು ಈ ಭೂಮಿ ಹುಟ್ಟುವುದಕ್ಕೂ ಮೊದಲು ಎಂದು ಆಮೇಲೆ ತಿಳಿಯಿತು. ಅಷ್ಟು ಹಿಂದೆ ಹೊರಟು ಬಂದದ್ದನ್ನು ಒಬ್ಬರು ಎತ್ತಿದರು. ಆ ಉತ್ತರದಿಂದ ನಾನು ಈ ಕೆಲಸದಲ್ಲಿ ಉಳಿದೆ. ಇವತ್ತು ನಾನು ಉಣ್ಣುವ ಅನ್ನದಲ್ಲಿ ಆ ಎರಡಂಕಿಯ ಪಾಲಿದೆ.

58 ಅಪ್ಪನ ನಂಬರೇ ಎಂದು ಕೇಳಬೇಡಿ. ಅವನಿಗೆ ತನ್ನದು ಅಂತ ಒಂದು ನಂಬರೇ ಇರಲಿಲ್ಲ. ಪ್ರತಿ ಗಾಡಿಗೂ ಬೇರೆಯದು, ಹೇಳಿದ ಕೂಡಲೇ ಹೊಡೆದುಹಾಕಿದ್ದು. ಹಾಗಾಗಿ ಹೌದು ಎನ್ನಲು ನನಗೆ ಆಧಾರವಿಲ್ಲ, ಅಲ್ಲ ಎನ್ನಲು ಬಾಯಿಲ್ಲ. ಮೇಡಂಗೆ ಕೈತಪ್ಪಿ ಒತ್ತಿದ್ದು ಎಂದು ಬರೆದೆ. ಬೇರೆ ಏನು ಬರೆಯಲಿ?

ಅದಾದ ಮೇಲೆ ಬಂದ ಪಕ್ಷಗಳಲ್ಲಿ ಪಾಳಿಯನ್ನು ಬೇರೆಯವರಿಗೆ ವಹಿಸಿಕೊಟ್ಟು, ಫೋನನ್ನು ನಾನೇ ಕೈಯಾರೆ ಎಡೆಗೆ ಇಡುತ್ತಿದ್ದೇನೆ. ಅತ್ತೆಗೆ ಅದೊಂದು ಹೆಮ್ಮೆ. ಅದು ಮತ್ತೆ ಬಡಿದಿಲ್ಲ. ಬಾಗಿಲು ತೆಗೆದ ಕೂಡಲೇ ಮೊದಲು ಹೋಗಿ ನೋಡುವುದು ಅದನ್ನೇ, ಪರದೆ ಖಾಲಿ ಇರುತ್ತದೆ. ದೆವ್ವದ ಕತೆ ಶುರುವಾದರೆ ಈಗಲೂ ಎದ್ದು ಹೋಗುತ್ತೇನೆ. ಆ ವಿಷಯದಲ್ಲಿ ನಾನೇನೂ ಬದಲಾಗಿಲ್ಲ. ಒಂದು ಅಭ್ಯಾಸ ಮಾತ್ರ ಬೆಳೆದಿದೆ. ದೊಡ್ಡಪ್ಪ ಬಾಗಿಲು ಎಳೆದುಕೊಳ್ಳುವ ಮುಂಚೆ, ಎಲ್ಲರೂ ಹೊರಗೆ ನಡೆದ ಮೇಲೆ, ನಾನೊಬ್ಬಳೇ ಹೊಸ್ತಿಲ ಬಳಿ ನಿಂತು, ಒಳಗಿನ ಹೊಗೆಯ ಕಡೆ ಮುಖ ಮಾಡಿ, ಬಾಯಿಗೆ ಬಂದ ಎರಡಂಕಿಯ ಒಂದು ನಂಬರನ್ನು ಮೆಲ್ಲಗೆ ಹೇಳುತ್ತೇನೆ. ಗೇಟು ಹಾಕಿದ್ದೀನಿ ಅಪ್ಪ, ಭಯವಿಲ್ಲದೆ ಬಾ ಅಂತ.